ಹಸಿರು ಇಂಕಿನ ಷರಾ

ಮೀಟರ್ ತಾತನಷ್ಟು ಅನುಮಾನದ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬ ಹುಟ್ಟಿಲ್ಲ; ಹುಟ್ಟಿದ್ದರೂ ಇವನನ್ನು ನೋಡಿ ನಾಚಿಕೊಂಡು ಆ ಗುಣವನ್ನೇ ಬಿಟ್ಟಿರಬೇಕು. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತರೆ, ಇದು ನಿನ್ನೆಯ ಮುಖವೇ ಹೌದೇ ಎಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿ, ಖಾತ್ರಿಯಾದ ಮೇಲೆಯೇ ಗಡ್ಡಕ್ಕೆ ಸೋಪು ಹಚ್ಚುವವನು.

ಅದರಲ್ಲಿ ಅವನ ತಪ್ಪೇನೂ ಇಲ್ಲ. ನಗರಸಭೆಯಲ್ಲಿ ಮೂವತ್ತನಾಲ್ಕು ವರ್ಷ ಮನೆಮನೆಯ ನೀರಿನ ಮೀಟರ್ ಓದಿ ಏಳು ವರ್ಷದ ಹಿಂದೆ ನಿವೃತ್ತನಾದವನಿಗೆ ಅನುಮಾನವೇ ಅನ್ನ ಕೊಟ್ಟಿತ್ತು. ಗುಂಡಿಯ ಮುಚ್ಚಳ ಎತ್ತಿ, ಮೀಟರಿನ ಕೆಂಪು ಮುಳ್ಳು ತಿರುಗುವುದನ್ನು ಮೂರು ಉಸಿರಿನಷ್ಟು ಹೊತ್ತು ನೋಡಿದರೆ ಸಾಕು, ಆ ಮನೆಯಲ್ಲಿ ಎಷ್ಟು ಜನ, ಯಾರು ಊರಲ್ಲಿಲ್ಲ, ಯಾವ ನೆಂಟ ಬಂದು ಹದಿನೈದು ದಿನವಾದರೂ ಹೊರಡುತ್ತಿಲ್ಲ, ಆ ನೆಂಟ ಗಂಡನ ಕಡೆಯವನೋ ಹೆಂಡತಿಯ ಕಡೆಯವನೋ, ಎಲ್ಲವನ್ನೂ ಹೇಳಿಬಿಡುತ್ತಿದ್ದ. ಮೂವತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ತಪ್ಪು ರೀಡಿಂಗ್ ಇಲ್ಲ ಎಂಬ ಸರ್ಟಿಫಿಕೇಟು ಹಜಾರದ ಗೋಡೆಯ ಮೇಲೆ, ತೀರಿಹೋದ ಹೆಂಡತಿಯ ಫೋಟೋಗಿಂತ ಒಂದು ಗೇಣು ಎತ್ತರದಲ್ಲಿ ತೂಗುತ್ತಿತ್ತು.

ಅಭ್ಯಾಸ ಬಿಟ್ಟಿರಲಿಲ್ಲ. ದಿನಾ ಸಂಜೆ ಮನೆಯ ಪಕ್ಕದ ಸಂದಿಗೆ ಹೋಗಿ ತನ್ನದೇ ಮೀಟರ್ ಓದಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಸಿರು ಇಂಕಿನಿಂದ ಅಂಕಿ ಬರೆಯುತ್ತಿದ್ದ. ಪಕ್ಕದಲ್ಲಿ ಒಂದು ಷರಾ. "ಮಗ ಇವತ್ತೂ ಸ್ನಾನ ಮಾಡಿಲ್ಲ." "ಸೊಸೆ ಪಾತ್ರೆ ತೊಳೆಯುವಾಗ ನಲ್ಲಿ ಬಿಟ್ಟು ಫೋನಿನಲ್ಲಿ ಮಾತಾಡಿದ್ದಾಳೆ." ಅಂಕಿ ಬರೆದು ಷರಾ ಬರೆಯದವನು ರೀಡರೇ ಅಲ್ಲ ಎಂಬುದು ಅವನ ನಂಬಿಕೆ. ಹಸಿರು ಇಂಕನ್ನು ದೊಡ್ಡ ಸಾಹೇಬರು ಮಾತ್ರ ಬಳಸಬೇಕು ಎಂದು ಆಫೀಸಿನಲ್ಲಿ ಹೇಳಿದ್ದರಿಂದಲೇ ಅವನು ಹಸಿರು ಇಂಕಿಗೆ ಬದಲಾಗಿದ್ದು.

ಮನೆಯಲ್ಲಿ ನಾಲ್ಕು ಜನ. ಸಿಟಿ ಬಸ್ ಓಡಿಸುವ ಮಗ, ಹಜಾರದಲ್ಲಿ ಮಿಷಿನ್ ಹಾಕಿಕೊಂಡು ಬೀದಿಯವರ ಬಟ್ಟೆಯೆಲ್ಲ ಹೊಲಿಯುವ ಸೊಸೆ, ಹದಿನಾರು ವರ್ಷದ ಮೊಮ್ಮಗಳು, ತಾತ. ಮೇಲಿನ ಒಂದೇ ರೂಮಿನಲ್ಲಿ ಒಂಬತ್ತು ವರ್ಷದಿಂದ ಬಾಡಿಗೆಗಿದ್ದವಳು ಬ್ರೆಡ್ಡಕ್ಕ. ಬ್ರೆಡ್ ಫ್ಯಾಕ್ಟರಿಯ ಒಲೆಯ ಮುಂದೆ ಕೆಲಸ. ಕೋಳಿ ಏಳುವ ಮುಂಚೆ ಹೋಗಿ, ಮಧ್ಯಾಹ್ನ ಬರುವಳು. ಐವತ್ತು ದಾಟಿದವಳು, ಹಿಂದೆ ಮುಂದೆ ಯಾರೂ ಇಲ್ಲ. ಮೇಲಕ್ಕೆ ಹೋಗುವ ಮೆಟ್ಟಿಲು ಹಜಾರದ ಒಳಗೆ, ಹೊಲಿಗೆ ಮಿಷಿನ್ನಿನ ಪಕ್ಕದಲ್ಲೇ ಇದ್ದದ್ದರಿಂದ ಅವಳು ಹತ್ತಿದ್ದೂ ಇಳಿದದ್ದೂ ಎಲ್ಲರ ಕಣ್ಣ ಮುಂದೆಯೇ. ರಾತ್ರಿ ಊಟವೂ ಇವರ ಜೊತೆಗೇ. ಅವಳು ತಂದ ಬ್ರೆಡ್ಡು, ಸೊಸೆ ಬೇಯಿಸಿದ ಬೇಳೆ.

ತಾತನ ಮೀಟರ್ ಕಥೆಗಳನ್ನು ಮಗ ಸಾವಿರ ಸಲ ಕೇಳಿದ್ದ, ಸೊಸೆ ಎರಡು ಸಾವಿರ ಸಲ, ಮೊಮ್ಮಗಳು ಹೊಟ್ಟೆಯೊಳಗಿದ್ದಾಗಲೇ ಕೇಳಿ ಮುಗಿಸಿದ್ದಳು. ಬ್ರೆಡ್ಡಕ್ಕ ಮಾತ್ರ ಮೂರನೇ ಮೆಟ್ಟಿಲ ಮೇಲೆ ಕೂತು, ಗಲ್ಲಕ್ಕೆ ಕೈ ಕೊಟ್ಟು, ತಾತ ಉಸಿರು ತೆಗೆದುಕೊಂಡಾಗಲೆಲ್ಲ "ಆಮೇಲೆ?" ಎನ್ನುತ್ತಿದ್ದಳು. ಆ ಒಂದು "ಆಮೇಲೆ"ಗಾಗಿ ತಾತ ಬಾಡಿಗೆಯನ್ನೇ ಬಿಟ್ಟುಕೊಟ್ಟಾನು ಎಂದು ಸೊಸೆಗೆ ಗುಮಾನಿ.

ನೋಟಿಸು ಬಂದದ್ದು ಒಂದು ಮಂಗಳವಾರ, ಮಧ್ಯಾಹ್ನದ ತಟ್ಟೆ ಇಟ್ಟ ಹೊತ್ತಿಗೆ. ಮೊಮ್ಮಗಳು ಗಟ್ಟಿಯಾಗಿ ಓದಿದಳು: ವಸತಿ ಬೀದಿಗಳಲ್ಲಿ ಮನೆಯ ಯಾವುದೇ ಭಾಗವನ್ನು ಬಾಡಿಗೆಗೆ ಕೊಡಲು ನಗರಸಭೆಯ ಪರವಾನಗಿ ಕಡ್ಡಾಯ. ಪರವಾನಗಿ ಬೇಕಿದ್ದರೆ ಬಾಡಿಗೆದಾರರಿಗೆ ಹೊರಗಿನಿಂದ ಬೇರೆ ಮೆಟ್ಟಿಲು ಇರತಕ್ಕದ್ದು. ನಮಗೆ ದೊರೆತ ಮಾಹಿತಿಯಂತೆ ತಮ್ಮ ಮನೆಯಲ್ಲಿ ಪರವಾನಗಿ ಇಲ್ಲದ ಒಬ್ಬ ಬಾಡಿಗೆದಾರರಿದ್ದು, ಮೂವತ್ತು ದಿನಗಳೊಳಗೆ ತೆರವುಗೊಳಿಸತಕ್ಕದ್ದು. ತಕರಾರಿದ್ದಲ್ಲಿ ವಿಚಾರಣೆಗೆ ಹಾಜರಾಗಬಹುದು.

"ಮೂವತ್ತು ದಿನಾನಾ?" ಸೊಸೆ ಸೌಟು ಕೆಳಗಿಟ್ಟಳು. "ಬ್ರೆಡ್ಡಕ್ಕ ಎಲ್ಲಿಗೆ ಹೋಗ್ತಾಳೆ? ಈ ವಯಸ್ಸಲ್ಲಿ ಒಂಟಿ ಹೆಂಗಸಿಗೆ ಯಾರು ರೂಮು ಕೊಡ್ತಾರೆ?"

"ಯಾರು ಕೊಟ್ಟಿದ್ದು?" ಎಂದ ತಾತ.

"ಅದೇ ನಾನೂ ಕೇಳ್ತಿರೋದು, ಯಾರು ಕೊಡ್ತಾರೆ ಅಂತ."

"ರೂಮಲ್ಲಮ್ಮಾ, ಮಾಹಿತಿ! ದೊರೆತ ಮಾಹಿತಿ ಅಂತ ಇದೆಯಲ್ಲ, ದಾರೀಲಿ ಬಿದ್ದು ದೊರೀತಾ ಅದು? ಯಾರೋ ಕೊಟ್ಟಿದ್ದಾನೆ. ಒಬ್ಬ ಅಂತ ಎಣಿಸಿ ಕೊಟ್ಟಿದ್ದಾನೆ."

"ಅಪ್ಪಾ, ಯಾವನಾದ್ರೂ ಕೊಟ್ಟಿರ್ಲಿ," ಎಂದ ಮಗ, ಡ್ಯೂಟಿಗೆ ಹೊತ್ತಾಗುತ್ತಿದೆಯೆಂದು ನಿಂತೇ ತಿನ್ನುತ್ತ. "ವೆಲ್ಡಿಂಗ್‌ನವನಿಗೆ ಹೇಳಿದ್ರೆ ಪಕ್ಕದ ಸಂದೀಲಿ ವಾರದಲ್ಲಿ ಕಬ್ಬಿಣದ ಮೆಟ್ಟಿಲು ನಿಲ್ಲಿಸ್ತಾನೆ. ಲೈಸೆನ್ಸಿಗೆ ಅರ್ಜಿ ಹಾಕೋಣ. ಮುಗೀತು."

"ಸಂದೀಲಿ ನನ್ನ ಮೀಟರ್ ಇದೆ."

ಇದು ಆ ಮನೆಯ ಅತಿ ಹಳೆಯ ಜಗಳ. ಮೊಮ್ಮಗಳಿಗಿಂತ ನಾಲ್ಕು ವರ್ಷ ದೊಡ್ಡದು.

"ಮೀಟರ್ ಎರಡು ಮೊಳ ಆಚೆ ಸರಿಸಿದ್ರೆ ಆಕಾಶ ಬೀಳುತ್ತಾ ಮಾವ?"

"ಸರಿಸಿದ ಮೀಟರ್ ಸತ್ಯ ಹೇಳಲ್ಲ. ಬೇರು ಕಿತ್ತ ಗಿಡ ಅದು. ಮೊದಲು ಆ ಚಾಡಿಕೋರನ್ನ ಹಿಡೀತೀನಿ. ದೂರು ಕೊಟ್ಟೋನೇ ದೂರು ವಾಪಸ್ ತಗೊಂಡ್ರೆ ಮೆಟ್ಟಿಲೂ ಬೇಡ, ಏಣೀನೂ ಬೇಡ."

ಸೊಸೆ ಅತ್ತ ತಿರುಗಿ ಬ್ರೆಡ್ಡಿಗೆ ಚಾಕು ಹಾಕಿದಳು. ಆ ಚಾಕು ಬ್ರೆಡ್ಡಿನ ಜೊತೆಗೆ ಹಲಗೆಯನ್ನೂ ಅರ್ಧ ಕೊಯ್ದಿತು.

ಸಂಜೆಯ ಹೊತ್ತಿಗೆ ಗೊತ್ತಾಯಿತು, ಬೀದಿಯಲ್ಲಿ ಹದಿಮೂರು ಮನೆಗಳಿಗೆ ನೋಟಿಸು ಬಂದಿದೆ ಎಂದು. ಮಾರನೆಯ ದಿನದಿಂದ ಬೀದಿಯ ಬಣ್ಣವೇ ಬದಲಾಯಿತು. ಬಾಗಿಲ ಮುಂದಿನ ಹೆಚ್ಚುವರಿ ಚಪ್ಪಲಿಗಳು ಒಳಗೆ ಹೋದವು. ಚಪ್ಪಲಿ ಎಣಿಸಿ ತಲೆ ಲೆಕ್ಕ ಹಾಕುತ್ತಾರಂತೆ ಎಂದು ಯಾರೋ ಹಬ್ಬಿಸಿದ್ದರು. ಬಾಡಿಗೆಯವರ ಬಟ್ಟೆ ತಂತಿಯ ಮೇಲೆ ಒಣಗುವುದು ನಿಂತು, ಇಡೀ ಬೀದಿಯ ಬಾಡಿಗೆದಾರರು ಒದ್ದೆ ಬಟ್ಟೆಯಲ್ಲೇ ಕೆಲಸಕ್ಕೆ ಹೋಗುತ್ತಿದ್ದಾರೆನ್ನುವಂತಾಯಿತು. ಇಪ್ಪತ್ತು ವರ್ಷ ಗೋಡೆಯ ಮೇಲಿಂದ ಬಟ್ಟಲು ಬದಲಾಯಿಸಿಕೊಂಡ ಹೆಂಗಸರು ಈಗ ಗೋಡೆಗೆ ಬೆನ್ನು ಹಾಕಿ ಪಾತ್ರೆ ತೊಳೆದರು. ಎಲ್ಲರಿಗೂ ಎಲ್ಲರ ಮೇಲೆ ಕಣ್ಣು.

ಇಂಥ ಕಾಲಕ್ಕೆ ಹೇಳಿ ಮಾಡಿಸಿದವನು ಮೀಟರ್ ತಾತ. ನೋಟಿಸು ಬಂದ ಮನೆಗಳ ಯಜಮಾನರನ್ನು ತನ್ನ ಹಜಾರದಲ್ಲಿ ಕೂರಿಸಿ, "ಈ ಬೀದಿಯ ಒಂದೊಂದು ನಲ್ಲಿಯ ಗುಟ್ಟೂ ನನಗೆ ಗೊತ್ತು. ಹದಿನೈದು ದಿನ ಕೊಡಿ. ಚಾಡಿಕೋರನ ಕಿವಿ ಹಿಡಿದು ನಿಮ್ಮ ಮುಂದೆ ನಿಲ್ಲಿಸದಿದ್ದರೆ ಆ ಸರ್ಟಿಫಿಕೇಟು ಇಳಿಸಿ ಒಲೆಗೆ ಹಾಕ್ತೀನಿ" ಎಂದ. ಹನ್ನೆರಡು ತಲೆಗಳು ಒಟ್ಟಿಗೆ ಗೋಡೆ ನೋಡಿದವು. ಸೊಸೆ ಹನ್ನೆರಡು ಲೋಟ ಚಹಾ ತಂದಿಟ್ಟು, "ಸಕ್ಕರೆ ಮುಗೀತು, ಇನ್ನು ಮೀಟಿಂಗ್ ಬೇರೆ ಮನೇಲಿ" ಎಂದಳು.

ತಾತನ ಮೊದಲ ಅನುಮಾನ ಎದುರುಮನೆಯ ಕನ್ನಡಕದಂಗಡಿಯವನ ಮೇಲೆ. ಹಿಂದಿನ ಎರಡು ರೂಮಿಗೆ ಮೂವರನ್ನು ಬಾಡಿಗೆಗಿಟ್ಟುಕೊಂಡಿದ್ದರೂ ಅವನಿಗೆ ನೋಟಿಸಿಲ್ಲ! ತಾತ ನೇರವಾಗಿ ಅಂಗಡಿಗೆ ಹೋಗಿ ಕಣ್ಣು ಪರೀಕ್ಷೆಗೆ ಕೂತ.

"ಕೆಳಗಿನ ಸಾಲು ಓದಿ ತಾತ."

"ಓದ್ತೀನಿ. ನೀನು ಮೊದಲು ಹೇಳು, ಹದಿಮೂರು ಮನೆಗೆ ಬಂದಿದ್ದು ನಿನಗ್ಯಾಕೆ ಬಂದಿಲ್ಲ?"

"ನನಗೇನು ಗೊತ್ತು? ನನ್ನ ಮನೆ ಕಟ್ಟಿ ಐದು ವರ್ಷ ಆಯ್ತಷ್ಟೆ. ಹೊಸಬರ ಮೇಲೆ ಕರುಣೆ ಇರಬೇಕು."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ."

"ನಾನು ಹೆಗಲು ಮುಟ್ಟಲಿಲ್ಲ ತಾತ, ನಿಮ್ಮ ಕನ್ನಡಕ ಒರೆಸ್ತಿದೀನಿ. ಪವರ್ ಬದಲಾಗಿದೆ. ಹತ್ತಿರದ್ದು ನಿಮಗೆ ಕಾಣಿಸ್ತಾ ಇಲ್ಲ."

ತಾತ ಹಳೆಯ ಕನ್ನಡಕವನ್ನೇ ಕಿತ್ತುಕೊಂಡು ಮನೆಗೆ ಬಂದ.

ಮೊಮ್ಮಗಳು ಇನ್ನೊಂದು ಸುದ್ದಿ ತಂದಳು. "ತಾತ, ಮೂಲೆಮನೆಯವರ ನೋಟಿಸಲ್ಲಿ ಇಬ್ಬರು ಬಾಡಿಗೆದಾರರು ಅಂತಿದೆ. ಅವರು ಬಿಟ್ಟು ಹೋಗಿ ಆರು ವರ್ಷ ಆಯ್ತಂತೆ. ಹೇಳಿಕೊಟ್ಟೋರು ಯಾರೇ ಆಗ್ಲಿ, ಹಳೇ ಪುಸ್ತಕ ನೋಡಿ ಪರೀಕ್ಷೆ ಬರೆದವರ ಥರ ಕಾಣ್ತಾರೆ."

"ಅದೇ ಚಾಲಾಕಿ! ನಡುವೆ ಒಂದು ಸುಳ್ಳು ಸೇರಿಸಿದ್ದಾನೆ, ನಮ್ಮ ದಾರಿ ತಪ್ಪಿಸೋಕೆ."

ಹಾಗೆ ಎರಡು ವಾರ ಕಳೆದವು. ತಾತ ಬೀದಿಯಲ್ಲಿ ಅನುಮಾನಪಡದ ಪ್ರಾಣಿಯೆಂದರೆ ಎಮ್ಮೆಯೊಂದೇ. ಆ ಬೀದಿಯಲ್ಲಿ ಎಮ್ಮೆ ಇರಲಿಲ್ಲ. ಹೊರಗೆ ಮುಗಿದ ಮೇಲೆ ಒಳಗೆ ಶುರುವಾಯಿತು. ಬಸ್ಸಿನಲ್ಲಿ ಹರಟೆ ಹೊಡೆದು ಯಾರಿಗಾದರೂ ಹೇಳಿದೆಯಾ ಎಂದು ಮಗನನ್ನು ಕೇಳಿದ.

"ಹೌದಪ್ಪಾ," ಎಂದ ಮಗ ಚಕ್ರದಷ್ಟು ದುಂಡಗೆ ಕಣ್ಣು ಬಿಟ್ಟು. "ಒಂದೊಂದು ಸ್ಟಾಪಲ್ಲೂ ನಿಲ್ಲಿಸಿ ಕೂಗ್ತೀನಿ. ಮುಂದಿನ ನಿಲ್ದಾಣ ಬ್ರೆಡ್ಡಕ್ಕನ ರೂಮು, ಇಳಿಯೋರು ಇಳೀರಿ!"

ಮೇಲಿನ ರೂಮು ಹೊಲಿಗೆಗೆ ಬೇಕೆಂದು ಹಿಂದೊಮ್ಮೆ ಆಸೆಪಟ್ಟಿದ್ದ ಸೊಸೆಯನ್ನು ಓರೆಗಣ್ಣಿನಿಂದ ನೋಡಿದ. ಅವಳು ಆ ನೋಟವನ್ನು ಹಿಡಿದುಬಿಟ್ಟಳು.

"ಕಣ್ಣಲ್ಲಿ ಕೇಳ್ಬೇಡಿ ಮಾವ, ಬಾಯಲ್ಲಿ ಕೇಳಿ."

"ನಾನೇನೂ ಕೇಳ್ಲಿಲ್ಲಮ್ಮಾ."

"ಕೇಳ್ದೆ ಇದ್ದದ್ದೇ ಒಳ್ಳೇದಾಯ್ತು. ಇವತ್ತು ಬೇಳೆಗೆ ಉಪ್ಪು ಹಾಕಿಲ್ಲ, ಬೇಕಾದ್ರೆ ಅದಕ್ಕೂ ಯಾರ ಕೈವಾಡ ಅಂತ ಹುಡುಕಿ."

ಮೂರನೆಯ ವಾರದ ಶುಕ್ರವಾರ ಮೂಲೆಮನೆಯವನು ಓಡಿ ಬಂದು ತಾತನ ಕಿವಿಯಲ್ಲಿ ಹೇಳಿದ: ಬ್ರೆಡ್ಡಕ್ಕನನ್ನು ನಗರಸಭೆಯ ಆಫೀಸಿನಲ್ಲಿ ನೋಡಿದ್ದಾನೆ. ಕೈಯಲ್ಲಿ ಕಂದು ಕವರು. ಇವನನ್ನು ಕಂಡೊಡನೆ ಅದನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

ಅವತ್ತಿನ ಊಟಕ್ಕೆ ಬ್ರೆಡ್ಡಕ್ಕ ಎಂದಿನಂತೆ ಒಂದು ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕೆಳಗಿಳಿದಳು. ತಾತ ತಟ್ಟೆ ಮುಟ್ಟಲಿಲ್ಲ.

"ಬ್ರೆಡ್ಡಕ್ಕಾ, ಇವತ್ತು ನಗರಸಭೆಗೆ ಹೋಗಿದ್ಯಂತೆ?"

ಅವಳು ಸೊಸೆಯ ಮುಖ ನೋಡಿದಳು. ಸೊಸೆ ನೆಲ ನೋಡಿದಳು. "ಹೋಗಿದ್ದೆ ಅಣ್ಣ," ಎಂದಳು.

"ಏನು ಕೆಲಸ?"

"ಒಂದು ಸಣ್ಣ ಕೆಲಸ ಇತ್ತು."

"ಸಣ್ಣ ಕೆಲಸಕ್ಕೆ ಕವರು ಯಾಕೆ? ಎಲ್ಲ ಈಗ ಗೊತ್ತಾಗ್ತಿದೆ ನನಗೆ. ನಮ್ಮನೆ ಬಿಡ್ಬೇಕು ಅನ್ನಿಸಿದ್ರೆ ಬಾಯಿ ಬಿಟ್ಟು ಹೇಳ್ಬಹುದಿತ್ತು. ನಗರಸಭೆಯೋರೇ ಎಬ್ಬಿಸಿದ್ರೆ ಅವರೇ ಬೇರೆ ರೂಮು ಕೊಡ್ತಾರೆ ಅಂತ ಯಾರು ಹೇಳ್ಕೊಟ್ರು? ಒಂಬತ್ತು ವರ್ಷ ಇಲ್ಲೇ ಉಂಡು, ಉಂಡ ಮನೆಯ ಜಂತೆ ಎಣಿಸೋದಾ?"

ಬ್ರೆಡ್ಡಕ್ಕ ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ಸುತ್ತಿದ್ದ ಬಟ್ಟೆಯನ್ನು ಮಾತ್ರ ಮಡಿಸಿಕೊಂಡು ಮೇಲೆ ಹೋದಳು. ಹದಿನಾಲ್ಕು ಮೆಟ್ಟಿಲಿಗೂ ಹದಿನಾಲ್ಕು ಸದ್ದು.

ಆಗ ಸೊಸೆ ಸಿಡಿದಳು. "ಅವಳನ್ನ ಕಳಿಸಿದ್ದು ನಾನು! ಹೊಲಿಗೆ ಬಿಟ್ಟು ನನಗೆ ಹೋಗೋಕಾಗಲ್ಲ ಅಂತ. ಲೈಸೆನ್ಸಿನ ಅರ್ಜಿ ತರೋಕೆ. ಮೆಟ್ಟಿಲ ನಕ್ಷೆ ತೋರಿಸಿ ಅಳತೆ ಸರಿಯಿದೆಯಾ ಅಂತ ಕೇಳೋಕೆ. ನಿಮಗೆ ಹೇಳಿದ್ರೆ ಮೀಟರ್ ಮೇಲೆ ಕೂತ್ಕೊಂಡು ಧರಣಿ ಮಾಡ್ತೀರ ಅಂತ ಕವರಲ್ಲಿ ಬಚ್ಚಿಟ್ಟಿದ್ಲು."

"ಇದು ನನಗೆ ಮೊದಲೇ..."

"ಮೊದಲೇ ಯಾಕೆ ಹೇಳ್ಲಿಲ್ಲ ಅಂತಾನಾ? ನೀವು ಕೇಳಿದ್ದು ಯಾವಾಗ ಮಾವ? ನೀವು ಎಣಿಸ್ತೀರಿ, ಕೇಳಲ್ಲ."

ತಾತ ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಆದರೂ ಪೂರ್ತಿ ನಂಬಲಿಲ್ಲ. ಅರ್ಜಿ ತರಲು ಹೋದವಳು ಮಾಹಿತಿಯನ್ನೂ ಕೊಟ್ಟು ಬಂದಿರಬಾರದೇಕೆ? ನೋಟಿಸು ಬಂದದ್ದು ಮೂರು ವಾರದ ಹಿಂದೆ, ಅವಳು ಹೋದದ್ದು ಇವತ್ತು ಎಂಬ ಸಣ್ಣ ಲೆಕ್ಕ, ದೊಡ್ಡ ಲೆಕ್ಕಗಳ ಆ ತಲೆಗೆ ಹೊಳೆಯಲೇ ಇಲ್ಲ.

ಅಲ್ಲಿಂದಾಚೆ ಬ್ರೆಡ್ಡಕ್ಕ ಊಟಕ್ಕೆ ಬರಲಿಲ್ಲ. ಮೂರನೇ ಮೆಟ್ಟಿಲು ಖಾಲಿ. ತಾತ ಒಂದು ಸಂಜೆ ಹಠಕ್ಕೆ ಬಿದ್ದವನಂತೆ, ತಾನು ಒಂದೇ ಮೀಟರ್ ನೋಡಿ ಇಡೀ ಮದುವೆಯೊಂದನ್ನು ನಿಲ್ಲಿಸಿದ ಕಥೆಯನ್ನು ಶುರು ಮಾಡಿದ. ವರನ ಮನೆಯ ಮುಳ್ಳು ತಿರುಗಿದ ಜಾಗದವರೆಗೆ ಬಂದು ಉಸಿರು ತೆಗೆದುಕೊಂಡು ಕಾದ. ಮಿಷಿನ್ನು ಕಟಕಟ ಎಂದಿತು. ಮಗ ಆಕಳಿಸಿದ. ಕಥೆ ಅಲ್ಲೇ ನಿಂತಿತು. ವರ ಈ ಹೊತ್ತಿಗೂ ಅದೇ ನಲ್ಲಿಯ ಕೆಳಗೆ ನಿಂತಿರಬೇಕು.

ಮೀಟರ್ ಓದುವಾಗ ಇನ್ನೊಂದು ವಿಚಿತ್ರ. ದಿನದ ಬಳಕೆಯ ಅಂಕಿ ಇಳಿದಿತ್ತು. ಒಂದು ದಿನವಲ್ಲ, ಸತತ ಐದು ದಿನ. ಮುಳ್ಳು ಸ್ಪಷ್ಟವಾಗಿ ಹೇಳುತ್ತಿತ್ತು: ಈ ಮನೆಯಲ್ಲಿ ನಾಲ್ಕೇ ಜನ.

"ಮೇಲಿನವಳು ಹೊರಟುಹೋದಳಾ?" ಎಂದು ಗಾಬರಿಯಿಂದ ಮೊಮ್ಮಗಳನ್ನು ಕೇಳಿದ.

"ಇಲ್ಲ ತಾತ, ಮೇಲೇ ಇದ್ದಾರೆ. ಫ್ಯಾಕ್ಟರೀಲೇ ಸ್ನಾನ ಮಾಡಿ ಬರ್ತಾರೆ. ಕುಡಿಯೋಕೂ ಸಂಜೆ ಮತ್ತೆ ಅಲ್ಲಿಗೇ ಹೋಗಿ ಕ್ಯಾನಲ್ಲಿ ತರ್ತಾರೆ. ನಮ್ಮನೆ ನಲ್ಲಿ ಮುಟ್ಟೋದೇ ಇಲ್ಲ."

"ಯಾಕಂತೆ?"

"ಎಣಿಸೋರಿಗೆ ಯಾಕೆ ತೊಂದರೆ ಅಂದ್ರು."

ಅಷ್ಟರಲ್ಲಿ ಬಾಗಿಲು ತೆರೆದು ಬ್ರೆಡ್ಡಕ್ಕ ಒಳಗೆ ಬಂದಳು. ಬಲಗೈಯಲ್ಲಿ ಹಳದಿ ಕ್ಯಾನು, ಒಂದು ಭುಜ ಆ ಭಾರಕ್ಕೆ ಬಾಗಿತ್ತು. ತಾತನ ಪಕ್ಕದಿಂದಲೇ ಹತ್ತಿ ಹೋದಳು. ಮೇಲೆ ಒಬ್ಬಳು ಉಸಿರಾಡುತ್ತಿದ್ದಾಳೆ, ಮೀಟರಿನ ಪ್ರಕಾರ ಅವಳು ಇಲ್ಲ. ಮುಳ್ಳೂ ಸುಳ್ಳು ಹೇಳುತ್ತದೆ ಎಂಬುದು ಅರವತ್ತೇಳನೆಯ ವಯಸ್ಸಿನಲ್ಲಿ ತಾತನಿಗೆ ಗೊತ್ತಾಯಿತು. ಆ ಸಂಜೆ ಅಂಕಿ ಬರೆದ. ಷರಾದ ಜಾಗ ಖಾಲಿ ಬಿಟ್ಟ.

ವಿಚಾರಣೆಯ ದಿನ ನಗರಸಭೆಯ ಸಭಾಂಗಣದಲ್ಲಿ ಇಡೀ ಬೀದಿ ಸೇರಿತ್ತು. ನೋಟಿಸು ಬಾರದಿದ್ದರೂ ಕನ್ನಡಕದಂಗಡಿಯವನು ಅಂಗಡಿ ಮುಚ್ಚಿ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದ, ಪುಕ್ಕಟೆ ನಾಟಕ ಬಿಡುವವನಲ್ಲ. ತಾತ ಮೊದಲ ಸಾಲಿನ ನಡುವೆ. ಹಿಂದೆ ಮಗ, ಸೊಸೆ, ಮೊಮ್ಮಗಳು. ಬ್ರೆಡ್ಡಕ್ಕ ಬಾಗಿಲ ಹತ್ತಿರ ನಿಂತಿದ್ದಳು, ಈಗಲೇ ಯಾರೋ ಹೊರಗೆ ಹೋಗು ಎನ್ನುತ್ತಾರೆ ಎಂಬಂತೆ.

ಅಧಿಕಾರಿ ಮೂವತ್ತು ದಾಟದ ಹೆಂಗಸು. ಕಡತ ಬಿಚ್ಚುವಷ್ಟರಲ್ಲಿ ತಾತ ಎದ್ದ.

"ಮೇಡಂ, ಮಿಕ್ಕಿದ್ದೆಲ್ಲ ಆಮೇಲೆ. ನಮ್ಮ ಬೀದೀದು ಒಂದೇ ಪ್ರಶ್ನೆ. ದೂರು ಕೊಟ್ಟೋರು ಯಾರು? ಹೆಸರು ಹೇಳಿ!"

"ಹೇಳಿ, ಹೇಳಿ!" ಎಂದಿತು ಬೀದಿ.

"ದೂರು ಯಾರೂ ಕೊಟ್ಟಿಲ್ಲ," ಎಂದಳು ಅಧಿಕಾರಿ. "ಮಾಹಿತಿ ನಮ್ಮ ಆಫೀಸಲ್ಲೇ ಇತ್ತು. ಹಳೇ ನೀರಿನ ಮೀಟರ್ ಪುಸ್ತಕಗಳಲ್ಲಿ."

ಜವಾನ ದಾರ ಕಟ್ಟಿದ ಉದ್ದನೆಯ ಪುಸ್ತಕಗಳ ಕಟ್ಟನ್ನು ಮೇಜಿನ ಮೇಲೆ ಧಪ್ಪೆಂದು ಇಳಿಸಿದ. ಧೂಳು ಮೋಡದಂತೆ ಎದ್ದು ಮೊದಲ ಸಾಲಿನ ಮೇಲೆ ಕೂತಿತು. ತಾತನಿಗೆ ಆ ಕಟ್ಟಿನ ಗಂಟು ಗುರುತು ಸಿಕ್ಕಿತು. ಆ ಗಂಟು ಹಾಕಿದ್ದು ಅವನ ಬೆರಳುಗಳೇ.

"ಬೇರೆ ಬೀದಿಗಳ ಪುಸ್ತಕದಲ್ಲಿ ಬರೀ ಅಂಕಿ ಇದೆ. ಈ ಬೀದಿ ಓದ್ತಿದ್ದ ರೀಡರು ಮಾತ್ರ ಯಾರೂ ಕೇಳದೆ ಇದ್ರೂ ಪ್ರತಿ ಮನೆಗೂ ಷರಾ ಬರೆದಿದ್ದಾರೆ. ಹಸಿರು ಇಂಕಲ್ಲಿ." ಅವಳು ಒಂದು ಪುಟ ತೆರೆದು ಓದಿದಳು. "ಮನೆ ನಂಬರ್ ನಾಲ್ಕು: ‘ಮನೆಯವರು ಐದು, ಹಿಂದೆ ಬಾಡಿಗೆ ಇಬ್ಬರು, ಒಬ್ಬನಿಗೆ ಹಲ್ಲುಜ್ಜುವ ಅಭ್ಯಾಸವಿಲ್ಲ.’ ಮನೆ ನಂಬರ್ ಒಂಬತ್ತು: ‘ಮನೆಯವರು ನಾಲ್ಕು. ಮೇಲೆ ಬಾಡಿಗೆ ಒಬ್ಬಳು. ದಿನಕ್ಕೆ ಎರಡು ಸ್ನಾನ. ನೀರಿಗೆ ಹಿಟ್ಟಿನ ವಾಸನೆ.’"

ಒಂಬತ್ತು ತಾತನದೇ ಮನೆ.

ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಎನ್ನುತ್ತಾರಲ್ಲ, ತಾತನಿಗೆ ಅದು ಕಾಲಿಗಲ್ಲ, ಕುತ್ತಿಗೆಗೇ ಸುತ್ತಿತು. ಹಿಂದಿನಿಂದ ಸೊಸೆಯ ಬಳೆ ಸದ್ದಾಯಿತು. ಮೊಮ್ಮಗಳು "ಅಯ್ಯೋ ತಾತ" ಎಂದು ಪಿಸುಗುಟ್ಟಿದ್ದು ಅವನಿಗೆ ಬಿಟ್ಟು ಇನ್ನಾರಿಗೂ ಕೇಳಲಿಲ್ಲ. ದಿನಾ ಆ ಹಸಿರು ಅಕ್ಷರವನ್ನು ಕ್ಯಾಲೆಂಡರಿನಲ್ಲಿ ನೋಡುವ ಮೂರು ಜನರಿಗೆ ಅದು ಯಾರ ಕೈ ಎಂದು ಗೊತ್ತು. ಬೀದಿ ಮಾತ್ರ ಹಲ್ಲುಜ್ಜದವನು ಯಾರೆಂಬ ಲೆಕ್ಕದಲ್ಲೇ ಮುಳುಗಿತ್ತು, ಬರೆದವನು ಯಾರೆಂದು ಅದಕ್ಕೆ ಇನ್ನೂ ಹೊಳೆದಿರಲಿಲ್ಲ.

"ಇದು ಯಾರೋ ಕಂಡವರ ಮಾತಲ್ಲ," ಎಂದಳು ಅಧಿಕಾರಿ. "ಮೂವತ್ತನಾಲ್ಕು ವರ್ಷದಲ್ಲಿ ಒಂದು ತಪ್ಪೂ ಬರೆಯದ ರೀಡರು ಅಂತ ನಮ್ಮ ಕಚೇರಿಯೇ ಸರ್ಟಿಫಿಕೇಟು ಕೊಟ್ಟಿದೆ. ಇಂಥವರು ಬರೆದಿದ್ದನ್ನ ನಾವು ನಂಬದೆ ಇನ್ಯಾರನ್ನ ನಂಬೋದು? ಆದೇಶ ಹಾಗೇ ಇರುತ್ತೆ. ಇನ್ನು ಮೂರು ದಿನದಲ್ಲಿ..."

ತಾತ ಬಾಗಿಲ ಕಡೆ ತಿರುಗಿದ. ಬ್ರೆಡ್ಡಕ್ಕ ಬೀದಿಯವರ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಹೊಸ್ತಿಲು ನೋಡುತ್ತಿದ್ದಳು.

"ಅಷ್ಟೂ ಸುಳ್ಳು," ಎಂದ ತಾತ.

"ಏನಂದ್ರಿ?"

"ಆ ಪುಸ್ತಕ ಸುಳ್ಳು ಮೇಡಂ. ಒಂದು ಅಕ್ಷರ ನಂಬಬೇಡಿ. ಆ ರೀಡರು ಪರಮ ಸೋಮಾರಿ, ಮಹಾ ಬುರುಡೆಗಾರ. ಮನೆಮನೆಗೆ ಹೋಗ್ತಾನೇ ಇರ್ಲಿಲ್ಲ. ಟೀ ಅಂಗಡೀಲಿ ಕಾಲಮೇಲೆ ಕಾಲು ಹಾಕ್ಕೊಂಡು ಕೂತು, ಬಾಯಿಗೆ ಬಂದದ್ದು ಬರೀತಿದ್ದ."

"ಅದು ನಿಮಗೆ ಹೇಗೆ ಗೊತ್ತು?"

ಮೀಟರ್ ತಾತ ಎದೆ ಸೆಟೆಸಿದ. ಜೀವನವಿಡೀ ಹೊಗಳಿಕೊಳ್ಳಲು ಸೆಟೆಸಿದ ಎದೆ ಅದು, ಬೇರೆ ಥರ ನಿಲ್ಲಲು ಅದಕ್ಕೆ ಬರುತ್ತಲೇ ಇರಲಿಲ್ಲ.

"ಯಾಕಂದ್ರೆ ಅವನು ನಾನೇ."

ಸಭಾಂಗಣದ ಫ್ಯಾನು ಸಹ ಒಂದು ಸುತ್ತು ತಪ್ಪಿಸಿತು. ಆಮೇಲೆ ಕೂಗಾಟ ಎದ್ದಿತು. "ನೀನೇನಾ?" "ನಮ್ಮನೇಲಿ ಕೂತು ಚಹಾ ಕುಡಿದು..." "ಹಲ್ಲುಜ್ಜಲ್ಲ ಅಂತ ಬರೆದಿದ್ದು ನೀನೇನಾ?" ಮೂಲೆಮನೆಯವನು ಬೆಂಚು ಹತ್ತಿದ. ಅಧಿಕಾರಿ ಮೇಜು ಬಡಿದು ಸುಮ್ಮನಾಗಿಸಬೇಕಾಯಿತು.

"ಹಾಗಾದ್ರೆ ಆ ಸರ್ಟಿಫಿಕೇಟು?"

"ಒಕ್ಕಣೆ ನಾನೇ ಬರ್ಕೊಂಡು ಹೋದೆ. ಸಾಹೇಬ್ರು ಊಟಕ್ಕೆ ಏಳೋ ಹೊತ್ತು ನೋಡಿ ಮುಂದಿಟ್ಟೆ. ಓದದೆ ಸೈನ್ ಮಾಡಿದ್ರು. ನೀವೇ ಯೋಚನೆ ಮಾಡಿ ಮೇಡಂ, ಮೀಟರಲ್ಲಿ ಹಿಟ್ಟಿನ ವಾಸನೆ ಬರುತ್ತಾ? ಮುಳ್ಳು ನೋಡಿ ಯಾರು ಹಲ್ಲುಜ್ಜಿದ್ರು ಅಂತ ಯಾವ ನರಮನುಷ್ಯ ಹೇಳ್ತಾನೆ? ಮೂಲೆಮನೇಲಿ ಇಬ್ಬರಿದ್ದಾರೆ ಅಂತ ಬರೆದಿದೀನಿ, ಹೋಗಿ ನೋಡಿ, ನರಪಿಳ್ಳೆ ಇಲ್ಲ."

"ಇಲ್ಲ, ಇಲ್ಲ!" ಎಂದು ಮೂಲೆಮನೆಯವನು ಬೆಂಚಿನ ಮೇಲಿಂದಲೇ ಸಾಕ್ಷಿ ಹೇಳಿದ.

ಅಧಿಕಾರಿ ತಾತನನ್ನು ಬಹಳ ಹೊತ್ತು ನೋಡಿದಳು. ಆ ನೋಟ ತಾತನಿಗೆ ಚೆನ್ನಾಗಿ ಪರಿಚಯವಿತ್ತು. ಮೂವತ್ತನಾಲ್ಕು ವರ್ಷ ಅವನೇ ಜನರನ್ನು ಹಾಗೆ ನೋಡಿದ್ದ. ಅವಳು ನಂಬಲಿಲ್ಲ. ಆದರೆ ತಾನೇ ಸುಳ್ಳೆಂದು ಎದ್ದು ನಿಂತು ಹೇಳುವವನ ಬರಹದ ಮೇಲೆ ಆದೇಶ ನಿಲ್ಲುವುದಿಲ್ಲ ಎಂಬುದೂ ಅವಳಿಗೆ ತಿಳಿದಿತ್ತು.

"ಸರಿ. ಹದಿಮೂರು ನೋಟಿಸೂ ರದ್ದು. ಮೂರು ತಿಂಗಳೊಳಗೆ ಎಲ್ಲರೂ ನೀವಾಗೇ ಅರ್ಜಿ ಹಾಕಿ. ಬಾಡಿಗೆಯವರಿಗೆ ಹೊರಗಿನ ಮೆಟ್ಟಿಲು ಇರಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಹೋದ ವರ್ಷ ಇನ್ನೊಂದು ಬಡಾವಣೇಲಿ ಕೆಳಗೆ ಬೆಂಕಿ ಬಿದ್ದಾಗ ಮೇಲಿನವರು ಇಳಿಯೋಕೆ ದಾರಿ ಇಲ್ಲದೆ ಕಿಟಕಿಯಿಂದ ಹಾರಿದ್ರು. ಅದನ್ನ ಯಾರೂ ಟೀ ಅಂಗಡೀಲಿ ಕೂತು ಬರೆದಿದ್ದಲ್ಲ." ಪುಸ್ತಕ ಮುಚ್ಚಿದಳು. "ಆಮೇಲೆ ನಾನೇ ಬಂದು ಎಣಿಸ್ತೀನಿ. ಯಾವ ದಿನ ಅಂತ ಹೇಳಲ್ಲ."

ದಾರಿಯಲ್ಲಿ ಬೀದಿಯವರು ತಾತನಿಂದ ಹತ್ತು ಹೆಜ್ಜೆ ಹಿಂದೆ ನಡೆದರು. ಬಾಡಿಗೆ ಉಳಿದ ಸಂತೋಷ ಮೊದಲ ಸಂದಿಯವರೆಗೆ ಇತ್ತು. ಎರಡನೆಯ ಸಂದಿಯ ಹೊತ್ತಿಗೆ, ಹಾಗಾದರೆ ಇಷ್ಟು ವರ್ಷ ತಾವು ಕಟ್ಟಿದ ನೀರಿನ ಬಿಲ್ಲೆಲ್ಲ ಟೀ ಅಂಗಡಿಯ ಅಂಕಿಯೇ ಎಂಬ ಹೊಸ ಅನುಮಾನ ಹುಟ್ಟಿತ್ತು. ಮನೆಯೊಳಗೂ ಅಷ್ಟೆ.

"ಅಪ್ಪಾ, ನಮ್ಮ ಹತ್ರ ನಿಜ ಹೇಳು," ಎಂದ ಮಗ, ಚಪ್ಪಲಿ ಬಿಚ್ಚುತ್ತ. "ಟೀ ಅಂಗಡೀಲಿ ಕೂತು ಬರೀತಿದ್ಯಾ?"

ತಾತ ಬಾಯಿ ತೆರೆದ. ಅಲ್ಲ ಎಂದರೆ ಆಫೀಸಿನಲ್ಲಿ ಸುಳ್ಳು ಹೇಳಿದವನು, ಹೌದು ಎಂದರೆ ಮೂವತ್ತನಾಲ್ಕು ವರ್ಷ ಸುಳ್ಳು ಬರೆದವನು. ಸ್ಟೂಲು ಹತ್ತಿ ಗೋಡೆಯ ಸರ್ಟಿಫಿಕೇಟು ಇಳಿಸಿದ. ಒಲೆಗೆ ಹಾಕಲಿಲ್ಲ, ಹಿಂಬದಿಯ ದಪ್ಪ ರಟ್ಟನ್ನು ಬಿಡಿಸಿ ಸೊಸೆಯ ಕೈಗೆ ಕೊಟ್ಟ.

"ಮೆಟ್ಟಿಲ ನಕ್ಷೆ ಮಡಿಕೆ ಬಿದ್ದಿರುತ್ತೆ. ಇದಕ್ಕೆ ಅಂಟಿಸಿ ವೆಲ್ಡಿಂಗ್‌ನವನಿಗೆ ಕೊಡಮ್ಮ. ಮೀಟರ್ ಗೇಟಿನ ಹತ್ರ ಹೋಗ್ಲಿ."

"ಸರಿಸಿದ ಮೀಟರ್ ಸತ್ಯ ಹೇಳಲ್ಲ ಅಂತಿದ್ರಿ?"

"ಇಷ್ಟು ದಿನ ಹೇಳಿದ್ದು ಸಾಕು."

ಆಗ ಬ್ರೆಡ್ಡಕ್ಕ ಬಂದಳು. ಕೈಯಲ್ಲಿ, ದಾರಿಯಲ್ಲೇ ಫ್ಯಾಕ್ಟರಿಗೆ ಹೋಗಿ ತುಂಬಿಸಿಕೊಂಡ ಹಳದಿ ಕ್ಯಾನು. ತಾತ ಅಡ್ಡ ನಿಂತು ಕ್ಯಾನನ್ನು ಹಿಡಿದುಕೊಂಡ, ಅವಳು ಬಿಡಲಿಲ್ಲ. ಇಬ್ಬರ ಕೈಯೂ ಒಂದೇ ಹಿಡಿಯ ಮೇಲೆ.

"ಇದು ಇನ್ನು ಈ ಮನೆಯೊಳಗೆ ಬರಬಾರದು," ಎಂದ ತಾತ. "ನನ್ನದು ತಪ್ಪಾಯ್ತು ಅಂತ ಹೇಳೋಕೆ ನನಗೆ ಬರಲ್ಲ. ಅಭ್ಯಾಸ ಇಲ್ಲ."

"ಅಭ್ಯಾಸ ಮಾಡ್ಕೊಳ್ಳಿ ಅಣ್ಣ," ಎಂದಳು ಬ್ರೆಡ್ಡಕ್ಕ, ಕ್ಯಾನು ಬಿಡದೆ. "ಕಾಯ್ತೀನಿ."

ಸೊಸೆ ರಟ್ಟನ್ನು ಮಿಷಿನ್ನಿನ ಮೇಲಿಟ್ಟಳು. ಮಗ ಒಂದು ಕಾಲಿನ ಚಪ್ಪಲಿಯಲ್ಲೇ ನಿಂತ.

"ತಪ್ಪಾಯ್ತು," ಎಂದ ತಾತ, ಕ್ಯಾನಿಗೆ ಹೇಳಿದ ಹಾಗೆ.

ಅವಳು ಕೈ ಬಿಟ್ಟಳು. ನಾಲ್ಕು ಮೆಟ್ಟಿಲು ಹತ್ತಿ ತಿರುಗಿ, "ಹಿಟ್ಟಿನ ವಾಸನೆ ಮಾತ್ರ ನಿಜ ಅಣ್ಣ. ಎಷ್ಟು ತಿಕ್ಕಿದ್ರೂ ಹೋಗಲ್ಲ" ಎಂದಳು. ಹಾಗಾದರೆ ತಾತ ಟೀ ಅಂಗಡಿಯಲ್ಲಿ ಕೂತವನಲ್ಲ ಎಂದು ನಂಬಿದ ಜೀವ ಈ ಭೂಮಿಯ ಮೇಲೆ ಒಂದು ಇತ್ತು.

ಸಂಜೆ ತಾತ ಸಂದಿಗೆ ಹೋಗಿ ಮುಚ್ಚಳ ಎತ್ತಿದ. ಗೋಡೆಯ ಮೇಲೆ ವೆಲ್ಡಿಂಗ್‌ನವನು ಆಗಲೇ ಸೀಮೆಸುಣ್ಣದ ಗೆರೆ ಎಳೆದು ಹೋಗಿದ್ದ. ತಲೆಯ ಮೇಲೆ, ಮೇಲಿನ ಬಚ್ಚಲಿನಲ್ಲಿ ನಲ್ಲಿ ಬಿಟ್ಟ ಸದ್ದು. ಕೆಂಪು ಮುಳ್ಳು ಎದ್ದು ಓಡತೊಡಗಿತು, ಐದು ಜನ, ಐದು ಜನ ಎಂದು ಬಾಯಿ ಬಡಿದುಕೊಳ್ಳುತ್ತ. ಎದುರುಮನೆಯ ಕನ್ನಡಕದಂಗಡಿಯವನು ಗೇಟಿಗೆ ಒರಗಿ ನಿಂತಿದ್ದ.

"ಎಷ್ಟು ಜನ ಅಂತಿದೆ ತಾತ ಮೀಟರು?"

ತಾತ ಮುಚ್ಚಳ ಮುಚ್ಚಿದ. "ನಿನಗ್ಯಾಕೆ? ನಿನಗೆ ಯಾರು ಹೇಳಿ ಕಳಿಸಿದ್ದು?"

ಒಳಗೆ ಬಂದು ಕ್ಯಾಲೆಂಡರಿನ ಮುಂದೆ ಹಸಿರು ಪೆನ್ನು ಬಿಚ್ಚಿದ. ಅಂಕಿ ಬರೆದ, ಇದ್ದದ್ದಕ್ಕಿಂತ ಕಡಿಮೆ. ಪಕ್ಕದಲ್ಲಿ ಷರಾ ಬರೆದ: "ಮನೆಯವರು ನಾಲ್ಕು. ಬೇರೆ ಯಾರೂ ಇಲ್ಲ." ಮೇಲೆ ನೀರು ಇನ್ನೂ ಸುರಿಯುತ್ತಲೇ ಇತ್ತು.

ಮೊಮ್ಮಗಳು ಭುಜದ ಹಿಂದಿನಿಂದ ಬಗ್ಗಿ ಓದಿದಳು. "ಟೀ ಅಂಗಡಿ ಲೆಕ್ಕಾನಾ ತಾತ?"

"ಮೆಟ್ಟಿಲು ನಿಲ್ಲೋವರೆಗೂ," ಎಂದ ಮೀಟರ್ ತಾತ. ಅಕ್ಷರ ಒಣಗಲೆಂದು ಊದಿ, ಯಾರೂ ಕೇಳದಿದ್ದರೂ ಶುರು ಮಾಡಿಯೇಬಿಟ್ಟ: "ಒಂದು ಸಲ ಏನಾಯ್ತು ಅಂದ್ರೆ, ನಗರಸಭೆ ದೊಡ್ಡ ಹಾಲಲ್ಲಿ, ಹತ್ತು ಸಾವಿರ ಜನರ ಎದುರಿಗೆ..."

ಮೇಲೆ ನಲ್ಲಿ ನಿಂತಿತು. ಮೂರನೇ ಮೆಟ್ಟಿಲ ಮೇಲೆ ಒದ್ದೆ ಕಾಲಿನ ಸದ್ದಾಯಿತು.

"ಆಮೇಲೆ?"